ಫೂಸ್‌ಪ್ಫಾಡ್ ಮತ್ತು ಹೆಬ್ಬಟ್ಟೆ: ದಾರಿಯ ಎರಡು ಸಮಾಸಗಳು

ಜರ್ಮನ್ ಭಾಷೆಯಲ್ಲಿ ಕಾಲುದಾರಿಗೆ ‘ಫೂಸ್‌ಪ್ಫಾಡ್’ ಎಂಬ ಸಮಾಸಪದವುಂಟು; ಪೂರ್ವಪದವಾದ ‘ಫೂಸ್’ ಎಂದರೆ ಪಾದ, ಉತ್ತರಪದವಾದ ‘ಪ್ಫಾಡ್’ ಎಂದರೆ ಪಥ; ಆದುದರಿಂದ ಸಂಸ್ಕೃತ ಬಲ್ಲವನ ಕಿವಿಗೆ ಅದು ‘ಪಾದಪಥ’ವೆಂದೇ ಕೇಳಿಸುವುದು ಸಹಜ. ಆದರೆ ಈ ಎರಡು ಪದಗಳು ಒಂದೇ ಬಾಗಿಲಿನಿಂದ ಆ ಭಾಷೆಯನ್ನು ಹೊಕ್ಕವಲ್ಲ. ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ಧ್ವನಿನಿಯಮದಂತೆ ಮೂಲದ ಪಕಾರವು ಜರ್ಮಾನಿಕ್ ಭಾಷೆಗಳಲ್ಲಿ ಫಕಾರವಾಗತಕ್ಕದ್ದು. ‘ಫೂಸ್’ ಈ ನಿಯಮಕ್ಕೆ ಒಳಪಟ್ಟಿದೆ, ‘ಪ್ಫಾಡ್’ ಪಟ್ಟಿಲ್ಲ. ಅದರ ಆದಿಯ ಸಂಯುಕ್ತಧ್ವನಿಯು ಅನಂತರದ ಕಾಲದಲ್ಲಿ ದಕ್ಷಿಣ ಜರ್ಮನಿಯ ನುಡಿಗಳಲ್ಲಿ ಉಂಟಾದ ಎರಡನೆಯ ಧ್ವನಿಪಲ್ಲಟದ ಫಲ; ಅದಕ್ಕೆ ಮುನ್ನ ಅಲ್ಲಿದ್ದುದು, ಇಂಗ್ಲಿಷಿನ ‘ಪಾತ್’ ಶಬ್ದದಲ್ಲಿ ಇಂದಿಗೂ ಉಳಿದಿರುವ ಶುದ್ಧ ಪಕಾರ. ಮೊದಲ ಪಲ್ಲಟ ಮುಗಿದ ಮೇಲೆ, ಅವೆಸ್ತಾದ ‘ಪಥ್’ ಶಬ್ದಕ್ಕೆ ಬಳಗವಾದ ಯಾವುದೋ ಇರಾನಿ ನುಡಿಯಿಂದ ಅದು ಎರವಲಾಗಿ ಬಂದಿತೆಂಬ ವಿದ್ವಾಂಸರ ಅಭಿಪ್ರಾಯ ನನಗೂ ಸಮ್ಮತ. ‘ಫೂಸ್’ ಮನೆಯ ಮಗಳು, ‘ಪ್ಫಾಡ್’ ದೂರದ ಬಳಗದಿಂದ ತಂದ ಸೊಸೆ.

ಈ ವಿವೇಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಮನಾಬಾದ್–ಬಸವಕಲ್ಯಾಣಗಳ ಸೀಮೆಯ ಘಾಟಬೋರಾಳಕ್ಕೆ ಬಂದರೆ, ಊರ ಹೆಸರಿನ ಮೊದಲಕ್ಷರದಲ್ಲಿಯೇ ಇನ್ನೊಂದು ಧ್ವನಿನಿಯಮ ಎದುರುಗೊಳ್ಳುತ್ತದೆ. ಪ್ರಾಕೃತದ ದ್ವಿತ್ವಾಕ್ಷರವನ್ನು ಮರಾಠಿಯು ಒಂಟಿಯಾಗಿಸಿ ಹಿಂದಿನ ಸ್ವರವನ್ನು ದೀರ್ಘಗೊಳಿಸುತ್ತದೆ. ಏಳನ್ನು ಹೇಳುವ ‘ಸತ್ತ’ವು ‘ಸಾತ’ವಾದಂತೆ ‘ಘಟ್ಟ’ವು ‘ಘಾಟ’ವಾಯಿತು. ದಾರಿಯೆಂಬ ಅರ್ಥದ ಸಂಸ್ಕೃತದ ‘ವರ್ತ್ಮ’ವು ಪ್ರಾಕೃತದಲ್ಲಿ ‘ವಟ್ಟ’ವಾಗಿ, ಮರಾಠಿಯಲ್ಲಿ ‘ವಾಟ’ವಾದುದೂ, ಹೆಜ್ಜೆಯೆಂಬ ಅರ್ಥದ ‘ಪಾವುಲ’ದೊಡನೆ ಕೂಡಿ ಕಾಲುದಾರಿಗೆ ‘ಪಾವುಲವಾಟ’ವೆಂಬ ಹೆಸರಾದುದೂ ಇದೇ ಕ್ರಮದಿಂದ. ಕನ್ನಡವಾದರೋ ದ್ವಿತ್ವವನ್ನು ಕೈಬಿಡಲಿಲ್ಲ: ಘಟ್ಟ ಘಟ್ಟವಾಗಿಯೇ ನಿಂತಿತು, ವಟ್ಟವು ‘ಬಟ್ಟೆ’ಯಾಯಿತು.

ನಮ್ಮ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಲ್ಲಿ ಬರುವ, ಹೆದ್ದಾರಿಯೆಂಬ ಅರ್ಥದ ‘ಹೆಬ್ಬಟ್ಟೆ’ಯು ಈ ಬಟ್ಟೆಯಿಂದಲೇ ಆದುದು. ಅದರ ಪ್ರಾಚೀನರೂಪ ‘ಪೆರ್ವಟ್ಟೆ’. ಪಾಲು ಹಾಲಾಗಿ, ಪುಲಿ ಹುಲಿಯಾದಂತೆ ಇಲ್ಲಿಯೂ ಅಚ್ಚಕನ್ನಡದ ಪೂರ್ವಪದವು ತನ್ನ ಪಕಾರವನ್ನು ಕಳೆದುಕೊಂಡಿತು, ಉತ್ತರಪದ ಎರವಲಿನದು. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳು ಓಷ್ಠ್ಯವನ್ನು ಸಡಿಲಿಸಿದ ತಮ್ಮ ಮನೆಮಾತಿಗೆ ಆರ್ಯಮೂಲದ ಒಂದು ದಾರಿಯನ್ನು ಹೊಂದಿಸಿ ಹೀಗೆ ಒಂದೇ ಅಚ್ಚಿನ ಸಮಾಸವನ್ನು ಕಟ್ಟಿದುವೆಂಬುದು ನನ್ನನ್ನು ಬಹುಕಾಲ ಬೆರಗುಗೊಳಿಸಿದ ಸಂಗತಿ.

ಇಂದು ಕನ್ನಡಿಗನಿಗೆ ಬಟ್ಟೆಯೆಂದರೆ ಉಡುವ ವಸ್ತ್ರ ಮಾತ್ರ. ದಾರಿಯೆಂಬ ಅರ್ಥವನ್ನು ಹಳಗನ್ನಡ ಕಾವ್ಯಗಳಲ್ಲಿ ಅರಸಬೇಕು. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಯಲ್ಲಾದರೆ ಮರಾಠಿಯಾಡುವ ನೆರೆಯವನು ‘ವಾಟ’ವೆಂದು ನುಡಿದಾಗಲೆಲ್ಲ ನಾವು ಮರೆತ ಆ ಶಬ್ದವೇ ಸ್ವರವನ್ನು ನೀಳವಾಗಿಸಿಕೊಂಡು ಕಿವಿಗೆ ಬೀಳುತ್ತದೆ.