ಮನೆಯ ವಿಕ್ರಯವೂ ಚತುಸ್ಸೀಮೆಯೂ

ಸ್ಥಾವರವನ್ನು ದಾನ ಮಾಡಬಹುದು, ಮಾರಲಾಗದು ಎಂಬುದು ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರ ಮತವಾಗಿತ್ತು. ಆದರೆ ಸಂಸಾರಿಗೆ ಆಪತ್ತು ಬಾರದಿರದು. ಬಂದಾಗ ಹೊಲವನ್ನೋ ಮನೆಯನ್ನೋ ಮಾರದೆ ಗತಿಯಿರದು. ಈ ತೊಡಕನ್ನು ಬಿಡಿಸಿದವನು ನಮ್ಮವನೇ ಆದ ವಿಜ್ಞಾನೇಶ್ವರನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076–1126) ಆಶ್ರಯದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಈ ಮಹನೀಯನು ಪೂರ್ವಿಕರ ಒಂದು ವಚನವನ್ನು ಎತ್ತಿಕೊಂಡು, ಭೂಮಿಯು ಆರು ಸಂಗತಿಗಳಿಂದ ಕೈಯಿಂದ ಕೈಗೆ ಹೋಗುವುದೆಂದು ತಿಳಿಸುತ್ತಾನೆ. ಊರವರ ಸಮ್ಮತಿ, ಜ್ಞಾತಿಗಳ ಸಮ್ಮತಿ, ಸಾಮಂತರ ಸಮ್ಮತಿ, ದಾಯಾದರ ಸಮ್ಮತಿ ಎಂಬಿವು ನಾಲ್ಕು. ಹಿರಣ್ಯದಾನ, ಉದಕದಾನ ಎಂಬಿವು ಎರಡು. ಇಲ್ಲಿ ಸಾಮಂತರೆಂದರೆ ಮಾಂಡಲಿಕ ಅರಸರಲ್ಲ. ಎಲ್ಲೆಗೆ ಎಲ್ಲೆ ಹೊಂದಿರುವ ನೆರೆಹೊರೆಯವರು. ಊರವರ ಸಮ್ಮತಿಯು ವ್ಯವಹಾರವು ಬಹಿರಂಗವಾಗಲೆಂದು, ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದಲ್ಲ. ಸಾಮಂತರ ಸಮ್ಮತಿಯು ಸೀಮಾವಿವಾದವು ಹುಟ್ಟದಿರಲೆಂದು. ಚಿನ್ನ ನೀರುಗಳೊಡನೆ ಕೊಡುವುದು ವಿಕ್ರಯಕ್ಕೆ ದಾನದ ರೂಪವು ಬರಲೆಂದು. ಹೀಗೆ ಒಂದೊಂದಕ್ಕೂ ಆತನು ಪ್ರಯೋಜನವನ್ನು ಹೇಳಿರುತ್ತಾನೆ. ಮಾರಾಟವನ್ನು ತಡೆಯುವುದು ಆತನ ಉದ್ದೇಶವಾಗಿರಲಿಲ್ಲ. ಮಾರುವ ವಸ್ತುವಿನ ಸುತ್ತ ಯಾರು ಯಾರು ಇದ್ದಾರೆಂಬುದನ್ನು ಮಾರುವವನೂ ಕೊಳ್ಳುವವನೂ ಒಮ್ಮೆ ನೋಡತಕ್ಕದ್ದೆಂಬುದೇ ಅದರ ತಾತ್ಪರ್ಯವೆಂದು ನನಗೆ ತೋರುತ್ತದೆ.

ಈ ಹಳೆಯ ಮಾತು ಈಗ ನೆನಪಾಗಲು ಕಾರಣವುಂಟು. ಕರಾವಳಿಯ ಯಾವುದೋ ಹಳ್ಳಿಯ ಪುರಾತನ ಮನೆಯೊಂದು ವಿಕ್ರಯಕ್ಕಿದೆಯೆಂಬ ಬಗೆಯ ಪ್ರಕಟಣೆಗಳು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ನಿವೇಶನವು ಎಷ್ಟು ಸೆಂಟ್ಸು, ಸಮುದ್ರವು ಎಷ್ಟು ದೂರ, ರಸ್ತೆಯು ಎಷ್ಟು ಅಗಲ, ಕೆತ್ತನೆಯ ಕಂಬಗಳು ಎಷ್ಟು ಎಂಬುದೆಲ್ಲ ಇರುತ್ತದೆ. ಮನೆಯ ಹೆಸರು ಮಾತ್ರ ಪ್ರಾಯಶಃ ಇರುವುದಿಲ್ಲ. ಕೃಷ್ಣಾತೀರದ ತುಬಚಿಯಲ್ಲಿ ಕುಳಿತವನಿಗೆ ಸಮುದ್ರತೀರದ ಮನೆಗಳ ಚಿಂತೆಯೇಕೆಂದು ವಾಚಕರು ಕೇಳಬಹುದು. ನಮ್ಮ ಜಿಲ್ಲೆಯ ಮನೆಗಳೇ ಎರಡೂ ಸಮುದ್ರಗಳ ದಡಕ್ಕೆ ಹೋಗಿ ನಿಂತಿರುವುದರಿಂದ ಈ ಚಿಂತೆ ನಮ್ಮದೂ ಆಗಿದೆ. ಮುಧೋಳದ ಘೋರ್ಪಡೆ ಅರಸರ ಅರಮನೆಯ ದರಬಾರು ಸಭಾಂಗಣವು ಇಂದು ಉಡುಪಿಯ ಬಳಿಯ ಮಣಿಪಾಲದಲ್ಲಿದೆ. ಇಳಕಲ್ಲಿನ ನೇಕಾರರ ಮನೆಯು ಚೆನ್ನೈಗೆ ದಕ್ಷಿಣದಲ್ಲಿರುವ ಮುಟ್ಟುಕಾಡಿನ ‘ದಕ್ಷಿಣಚಿತ್ರ’ದಲ್ಲಿದೆ. ಒಂದು ಪಡುವಣ ಕಡಲಿನ ಸೀಮೆ, ಇನ್ನೊಂದು ಮೂಡಣ ಕಡಲಿನ ದಡ.

ಮೊದಲು ಕರಾವಳಿಯ ಮನೆಗಳ ಕಥೆಯನ್ನೇ ನೋಡೋಣ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ನಾಡಿನಲ್ಲಿ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಮುರಕಲ್ಲಿನ ಎತ್ತರದ ಪಂಚಾಂಗ, ಹಲಸು ತೇಗಗಳ ಕಂಬ, ಕಡಿದಾಗಿ ಇಳಿದು ಗೋಡೆಯನ್ನು ಮಳೆಯಿಂದ ಮರೆಮಾಡುವ ಮಾಡು, ಮುಂದೆ ಅಂಗಳ, ಅಂಗಳಕ್ಕೆ ಮುಖವಾಗಿ ಚಾವಡಿ. ಹಿರಿಯ ಮನೆಗಳಲ್ಲಿ ನಾಲ್ಕೂ ಕಡೆ ಕಟ್ಟಡವಿದ್ದು ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವುದು. ಇದಕ್ಕೆ ಚೌಕಿಮನೆಯೆಂದು ಹೆಸರು. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಹೇಳುವ ಚತುಶ್ಶಾಲದ ಸೋದರಿಯೇ ಇದು ಎಂದರೆ ತಪ್ಪಾಗದು. ಮೊದಲು ಮುಳಿಹುಲ್ಲು ಹೊದೆದಿದ್ದ ಈ ಮನೆಗಳಿಗೆ ಕೆಂಪು ಹಂಚು ಬಂದದ್ದು ಈಚೆಗೆ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ. ಆದುದರಿಂದ ಹಂಚಿನ ಮಾಡನ್ನು ಕಂಡೊಡನೆ ‘ಸನಾತನ’ವೆಂದು ಉದ್ಗರಿಸುವ ಯಾತ್ರಿಕರು ಸ್ವಲ್ಪ ನಿಲ್ಲಬೇಕು.

ತುಳುನಾಡಿನಲ್ಲಿ ಗುತ್ತು, ಬೀಡು ಎಂದು ಕರೆಯಿಸಿಕೊಳ್ಳುವ ಮನೆಗಳು ಬರಿಯ ವಾಸಸ್ಥಾನಗಳಾಗಿರಲಿಲ್ಲ. ಚಾವಡಿಯಲ್ಲಿ ಊರಿನ ವ್ಯಾಜ್ಯಗಳು ತೀರುತ್ತಿದ್ದವು. ದೈವದ ಭಂಡಾರವು ಅಲ್ಲಿರುತ್ತಿತ್ತು. ಒಕ್ಕಲುಗಳು ತಂದ ಗೇಣಿಯ ಅಕ್ಕಿಯು ಅಲ್ಲಿಯೇ ಸಂಗ್ರಹವಾಗುತ್ತಿತ್ತು. ಅಳಿಯಸಂತಾನದ ಕಟ್ಟಿನಲ್ಲಿ ಮನೆಯು ಯಾವನೊಬ್ಬನ ಸ್ವತ್ತೂ ಆಗಿರದೆ ಒಬ್ಬ ಮೂಲಸ್ತ್ರೀಯ ಸಂತತಿಯೆಲ್ಲದರ ಸ್ವತ್ತಾಗಿತ್ತು. ಯಜಮಾನನು ಅದರ ಪಾಲಕನೇ ಹೊರತು ಒಡೆಯನಲ್ಲ. ಎಲ್ಲರೂ ಒಪ್ಪದ ಹೊರತು ಪಾಲು ಇಲ್ಲವೆಂಬುದು ಹಿಂದಿನ ನಿಯಮ. ಇಂಥ ಮನೆಯನ್ನು ಮಾರಲು ವಿಜ್ಞಾನೇಶ್ವರನ ನಾಲ್ಕು ಸಮ್ಮತಿಗಳೂ ಸಾಲುತ್ತಿರಲಿಲ್ಲವೋ ಏನೋ! (ಅಳಿಯಸಂತಾನಕ್ಕೆ ಮಿತಾಕ್ಷರೆಯು ಅನ್ವಯಿಸದೆಂಬುದನ್ನು ಬಲ್ಲೆ, ಮಾತಿಗೆ ಹೇಳಿದೆ.)

ಈ ಕಟ್ಟು ಸಡಿಲಿದ್ದು ಮೂರು ಹೆಜ್ಜೆಗಳಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರು ಎಂಬ ಒಂದೊಂದು ಶಾಖೆಗೂ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮೃತನ ಅಂಶವನ್ನು ಕುಟುಂಬದಿಂದ ಬೇರ್ಪಡಿಸಿ ಅವನ ವಾರಸುದಾರರಿಗೆ ಮುಟ್ಟಿಸಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯನ್ನೇ ಇಲ್ಲವಾಗಿಸಿತು. ಚಾಲಗೇಣಿ, ಮೂಲಗೇಣಿಗಳ ಮೇಲೆ ನಿಂತಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದರ ಪರಿಣಾಮವು ಬೇರೆಲ್ಲಿಗಿಂತಲೂ ಆಳವಾಯಿತು. ಉತ್ತವನಿಗೆ ಹೊಲ ಬಂದದ್ದು ನ್ಯಾಯವೇ. ಅದಕ್ಕಾಗಿ ಅಳುವವರ ಪಂಕ್ತಿಯಲ್ಲಿ ನಾನು ಕೂಡಲಾರೆ. ಆದರೆ ಐವತ್ತು ಜನರ ಊಟಕ್ಕಾಗಿ ಕಟ್ಟಿದ ಮನೆಯಲ್ಲಿ ಗೇಣಿಯ ಅಕ್ಕಿಯು ನಿಂತುಹೋಗಿ, ಮಕ್ಕಳು ಮುಂಬಯಿ ಬೆಂಗಳೂರುಗಳಿಗೆ ತೆರಳಿ, ಇಬ್ಬರು ವೃದ್ಧರು ಉಳಿದರೆ ವರ್ಷವರ್ಷವೂ ಹಂಚು ಕೈಯಾಡಿಸುವವರು ಯಾರು? ಒಂದು ಹಂಚು ಸರಿದು ಎರಡು ಮಳೆಗಾಲ ಕಳೆದರೆ ತೊಲೆಗೆ ಗೆದ್ದಲು ಹತ್ತುವುದು. ಆಗ ಮರದ ವ್ಯಾಪಾರಿಯು ಬಾಗಿಲಿಗೆ ಬರುತ್ತಾನೆ. ಕೆತ್ತಿದ ಕಂಬವು ನಗರದ ಉಪಾಹಾರಗೃಹಕ್ಕೆ, ಬಾಗಿಲುವಾಡವು ವಿಹಾರಧಾಮಕ್ಕೆ, ಉಳಿದ ಮರವು ಒಲೆಗೆ. ಇಷ್ಟಾದರೂ ಕುಟುಂಬದವರು ದೈವದ ಸ್ಥಾನವನ್ನು ಪರರಿಗೆ ಒಪ್ಪಿಸಲು ಹಿಂಜರಿಯುವುದನ್ನು ಕಾಣುತ್ತೇವೆ. ಮರ ಕಲ್ಲುಗಳಿಗೆ ಬೆಲೆ ಕಟ್ಟಿದವರಿಗೂ ಅದಕ್ಕೆ ಬೆಲೆ ಕಟ್ಟುವುದು ಹೇಗೆಂದು ತಿಳಿಯದು.

ಇನ್ನು ನಮ್ಮ ಸೀಮೆ. 1811ರಲ್ಲಿ ಪಟವರ್ಧನ ಮನೆತನದ ಸಂಸ್ಥಾನವಾಗಿ ಬೇರೆಯಾದ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅರಸೊತ್ತಿಗೆಯ ಜೊತೆಗೆ ಅದರ ನೆರಳಲ್ಲಿದ್ದ ವಾಡೆಗಳ ಆಧಾರವೂ ಕುಸಿಯಿತು. ಮುಂಬಯಿ ಸರಕಾರದ 1950ರ ಕಾಯಿದೆಯು ಪರಗಣಾ ವತನ, ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. ಮೈಸೂರು ರಾಜ್ಯದ 1961ರ ಕಾಯಿದೆಯು ಮಿಕ್ಕ ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನು ಕೊನೆಗಾಣಿಸಿತು. ಕರಾವಳಿಯಲ್ಲಿ ಗೇಣಿಯು ಏನಾಗಿತ್ತೋ ಇಲ್ಲಿ ವತನವು ಅದಾಗಿತ್ತು. ಕಾರಣಗಳ ಹೆಸರು ಬೇರೆ, ಕಾರ್ಯವು ಒಂದೇ.

ಆದರೆ ಮನೆಯು ಒಂದೇ ಅಲ್ಲ. ವರ್ಷದ ಮಳೆಯು ಸರಾಸರಿಯಲ್ಲಿ 600 ಮಿಲಿಮೀಟರನ್ನೂ ಮುಟ್ಟದ ಈ ನಾಡಿನಲ್ಲಿ ಮನೆಯ ಶತ್ರುವು ಬಿಸಿಲು. ಆದ್ದರಿಂದ ದಪ್ಪ ಗೋಡೆ, ಕಿಟಕಿಗಳ ಬದಲು ಮೇಲಿನ ಬೆಳಕಿಂಡಿ, ತೊಲೆ ಜಂತಿಗಳ ಮೇಲೆ ಸವಳುಮಣ್ಣು ಹಾಕಿದ ಸಮತಟ್ಟಾದ ಮಾಳಿಗೆ. ತಲೆಬಾಗಿಲಿನಲ್ಲಿ ಒಬ್ಬೊಬ್ಬರೇ ಬಗ್ಗಿ ಬರುವಷ್ಟು ದಿಡ್ಡಿಬಾಗಿಲು. ಒಳಗೆ ಎತ್ತುಗಳ ಗೋದಲಿ, ಪಡಸಾಲೆ, ನಡುಮನೆ, ದೇವರಮನೆ. ಜೋಳವನ್ನು ನೆಲದಡಿಯಲ್ಲಿ ಹುಗಿದಿಡುವ ಹಗೇವು. ಕರಾವಳಿಯವನು ಅಕ್ಕಿಯನ್ನು ತೇವಕ್ಕೆ ಅಂಜಿ ನೆಲದಿಂದ ಮೇಲಕ್ಕೆತ್ತಿ ಇಟ್ಟರೆ, ನಮ್ಮವನು ಜೋಳವನ್ನು ನೆಲದೊಳಕ್ಕೆ ಇಳಿಸಿದನು. ಒಂದೇ ಭಾಷೆಯನ್ನಾಡುವ ನಾಡಿನಲ್ಲಿ ಧಾನ್ಯವು ಒಂದೆಡೆ ಏರುವುದೂ ಇನ್ನೊಂದೆಡೆ ಇಳಿಯುವುದೂ ಚಿಕ್ಕ ಸಂಗತಿಯಲ್ಲ; ಆಯಾ ನೆಲದ ಗುಣವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠವು ಪುಸ್ತಕಗಳಲ್ಲಿ ದೊರೆಯದು.

ನಮ್ಮ ಮನೆಗಳಿಗೆ ಇನ್ನೊಂದು ವಿಪತ್ತೂ ಇದೆ. 1964ರಲ್ಲಿ ಶ್ರೀ ಲಾಲಬಹಾದುರ ಶಾಸ್ತ್ರಿಗಳಿಂದ ಶಂಕುಸ್ಥಾಪನೆಯಾದ ಆಲಮಟ್ಟಿಯ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಸಿಕ್ಕಿದವು. ಜನರಿಗಾಗಿ ನವನಗರವು ಹುಟ್ಟಿತು. ಸಾಲದುದಕ್ಕೆ 2005ರ ಹಾಗೂ 2019ರ ನೆರೆಗಳಲ್ಲಿ ಕೃಷ್ಣೆಯು ದಂಡೆಯ ಹಳ್ಳಿಗಳನ್ನು ಹೊಕ್ಕಳು. ಮಣ್ಣಿನ ಮಾಳಿಗೆಯು ಬಿಸಿಲನ್ನು ನೂರು ವರ್ಷ ತಡೆಯಬಲ್ಲುದು. ನಿಂತ ನೀರನ್ನು ಮೂರು ದಿನವೂ ತಾಳಲಾರದು.

ಇಂಥ ಕಾಲದಲ್ಲಿ ಮಣಿಪಾಲದ ದಿ. ವಿಜಯನಾಥ ಶೆಣೈಯವರು (1934–2017) ಮಾಡಿದ ಕೆಲಸವನ್ನು ಸ್ಮರಿಸಬೇಕು. ಬ್ಯಾಂಕಿನ ನೌಕರಿಯಲ್ಲಿದ್ದ ಅವರು ಕೆಡವುತ್ತಿದ್ದ ಮನೆಗಳ ಕಂಬ ಬಾಗಿಲುಗಳನ್ನು ಕೊಂಡು ತಂದು ಮೊದಲು ತಮ್ಮ ಸ್ವಂತ ಮನೆಯನ್ನು ಕಟ್ಟಿ ‘ಹಸ್ತಶಿಲ್ಪ’ವೆಂದು ಹೆಸರಿಟ್ಟರು. ತರುವಾಯ ಬಿಡಿ ಭಾಗಗಳಿಂದ ತೃಪ್ತರಾಗದೆ ಇಡಿಯ ಕಟ್ಟಡಗಳನ್ನೇ ಬಿಚ್ಚಿ, ಸಾಗಿಸಿ, ಮರಳಿ ಜೋಡಿಸುವ ಸಾಹಸಕ್ಕೆ ಕೈಹಾಕಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲಮಹಲು, ಮೇಲೆ ಹೇಳಿದ ಮುಧೋಳದ ಸಭಾಂಗಣ ಮುಂತಾದವು ಈಗ ಅಲ್ಲಿ ಒಂದೇ ಊರಿನ ಓಣಿಯವರಂತೆ ನಿಂತಿವೆ. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಹಾಜೇಲಿಯುಸ್ ಎಂಬವರು 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದು ತಮ್ಮ ನಾಡಿನ ನಾನಾ ಭಾಗದ ರೈತರ ಮನೆಗಳನ್ನು ತಂದು ನಿಲ್ಲಿಸಿದ್ದುಂಟು. ಆ ದೇಶದಲ್ಲಿಯೂ ಹಳ್ಳಿಗಳು ಬರಿದಾಗುತ್ತಿದ್ದ ಕಾಲವದು. ಶೆಣೈಯವರದು ಆ ಜಾತಿಯ ಕೆಲಸವಾದರೂ ಹೆಚ್ಚಾಗಿ ಒಬ್ಬನ ಹಟದಿಂದ ನಡೆದದ್ದು.

ಹಾಗಾದರೆ ಮನೆಯನ್ನು ಕಿತ್ತು ಬೇರೆಡೆಗೆ ಒಯ್ಯುವುದು ಸರಿಯೇ? ಒಯ್ಯದಿದ್ದರೆ ಒಲೆಗೆ ಹೋಗುವ ಮನೆಯ ವಿಷಯದಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲ, ಒಯ್ದದ್ದು ಉಪಕಾರ. ಆದರೂ ಮುಧೋಳದ ಸಭಾಂಗಣಕ್ಕೆ ಮಣಿಪಾಲದಲ್ಲಿ ಸಾಮಂತರಿಲ್ಲ. ಆ ದರಬಾರಿಗೆ ಬರುತ್ತಿದ್ದ ದಾರಿಯಿಲ್ಲ, ರನ್ನನ ಊರೆಂಬ ಹೆಸರಿಲ್ಲ. ನಮ್ಮ ಒಣಹವೆಗೆ ಹುಟ್ಟಿದ ಕಟ್ಟಡವನ್ನು ಅಲ್ಲಿ ಮಳೆಯಿಂದ ಕಾಯುತ್ತಿರಬೇಕು. ಇಲ್ಲಿ ಮುಧೋಳದಲ್ಲಿಯಾದರೋ ಅದಿದ್ದ ಸ್ಥಳದ ನೆನಪೂ ಮುಂದಿನ ತಲೆಮಾರಿಗೆ ಉಳಿಯಲಾರದು. ಕಟ್ಟಡವು ಒಂದೆಡೆ, ಅದರ ಚತುಸ್ಸೀಮೆಯು ಒಂದೆಡೆ. ಇವೆರಡನ್ನೂ ಮತ್ತೆ ಕೂಡಿಸಬಲ್ಲದ್ದು ಬರಹವೊಂದೇ.

ಈ ಬರಹದ ವಿಷಯದಲ್ಲಿಯೇ ನಮ್ಮ ಉದಾಸೀನವು ಹೆಚ್ಚು. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಸರಕಾರವು ಘೋಷಿಸಿದ ಸ್ಮಾರಕಗಳನ್ನು ರಕ್ಷಿಸುವುದು. ಹಳ್ಳಿಯ ಗೃಹಸ್ಥನ ಮನೆಯು ಆ ಪಟ್ಟಿಗೆ ಸೇರುವುದು ದುರ್ಲಭ. ಹೀಗಿರಲಾಗಿ ಕೆಲಸವು ಮನೆಯವರ ಮೇಲೆಯೇ ಬೀಳುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಗಡಿಗೆಯಲ್ಲೋ ಗಳಿಗೆಯಲ್ಲೋ ಸುತ್ತಿಟ್ಟ ಮೋಡಿ ಲಿಪಿಯ ಮರಾಠಿ ಕಾಗದಗಳು ಇನ್ನೂ ಇವೆ. ಖರೀದಿಪತ್ರ, ವಾಟಣಿಪತ್ರ, ಗಹಾಣಪತ್ರಗಳಲ್ಲಿ ಮನೆಯ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರದ ಗೋಡೆಯು ಯಾರಿಗೆ ಸೇರಿದ್ದು, ಬಚ್ಚಲ ನೀರು ಯಾವ ಕಡೆ ಹರಿಯತಕ್ಕದ್ದು ಎಂಬುದೆಲ್ಲ ಬರೆದಿರುವುದು. ಊರಿನ ನೂರೈವತ್ತು ವರ್ಷದ ಇತಿಹಾಸಕ್ಕೆ ಇವೇ ಶಾಸನಗಳು. ಮನೆಯನ್ನು ಮಾರಿದ ದಿವಸ ಪಾತ್ರೆ ಪಡಗಗಳನ್ನು ಎಣಿಸಿ ಒಯ್ಯುವವರು ಈ ಕಾಗದಗಳನ್ನು ಓದಲು ಬಾರದೆಂಬ ಕಾರಣದಿಂದ ಹೊಳೆಗೆ ಬಿಡುತ್ತಾರೆ. ಮೋಡಿಯನ್ನು ಓದಬಲ್ಲವರು ಜಮಖಂಡಿ ಸೀಮೆಯಲ್ಲಿ ವಿರಳವಾಗುತ್ತಿದ್ದಾರೆ.

ಮಾರಬೇಡಿರೆಂದು ಯಾರಿಗೂ ಹೇಳಲು ನನಗೆ ಅಧಿಕಾರವಿಲ್ಲ. ಮಗಳ ಮದುವೆ, ಮಗನ ವಿದ್ಯಾಭ್ಯಾಸಗಳ ಮುಂದೆ ಬೋದಿಗೆಯ ಕೆತ್ತನೆಯು ದೊಡ್ಡದಲ್ಲ. ಆದರೆ ಕ್ರಯಪತ್ರಕ್ಕೆ ಸಹಿ ಬೀಳುವ ಮೊದಲು ಎರಡು ದಿವಸ ಬಿಡುವು ಮಾಡಿಕೊಂಡು ಮನೆಯ ನಕಾಶೆಯೊಂದನ್ನು ಮೊಳದಲ್ಲಿಯಾದರೂ ಸರಿ, ಅಡಿಯಲ್ಲಿಯಾದರೂ ಸರಿ, ಅಳೆದು ಬರೆಯಬಹುದು. ಒಂದೊಂದು ಎಡೆಗೂ ಮನೆಯ ಹೆಂಗಸರು ಕರೆಯುವ ಹೆಸರನ್ನೇ ಅದರಲ್ಲಿ ಬರೆಯಬೇಕು, ಪುಸ್ತಕದ ಹೆಸರನ್ನಲ್ಲ. ಬಾಣಂತಿಯ ಕೋಣೆಯು ಯಾವುದು, ಹಗೇವಿನ ಬಾಯಿ ಎಲ್ಲಿ, ಯಾವ ಕಂಬಕ್ಕೆ ಪೂಜೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕರೆದು ಅವರ ನೆನಪಿನ ಮಾತನ್ನೂ ಬರೆದುಕೊಳ್ಳಬೇಕು. ಕಾಗದಗಳ ಛಾಯಾಚಿತ್ರಗಳನ್ನು ತೆಗೆದು ಒಂದು ಪ್ರತಿಯನ್ನು ನಮ್ಮ ಜಿಲ್ಲಾ ಸಂಘಕ್ಕೆ ಕೊಟ್ಟರೆ ಅದನ್ನು ಇಡಲು ಒಂದು ಕಪಾಟು ಸಾಕು. ತುಬಚಿಯ ಸುತ್ತಿನ ಮನೆಗಳ ಮೋಡಿ ಕಾಗದಗಳನ್ನು ಓದಿ ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಮಳೆಗಾಲಕ್ಕೆ ಮುಂಚೆ ಕಳಿಸಿದರೆ ಅನುಕೂಲ. ಕೃಷ್ಣೆಯು ತುಂಬಿದರೆ ಅವುಗಳನ್ನು ಎಲ್ಲಿಡುವುದೆಂಬ ಚಿಂತೆಯು ನನಗೂ ಇದೆ.