ಭೂಗರ್ಭದ ಅನಿಲಸಂಗ್ರಹ ಮತ್ತು ಅಂತರ್ಜಲ ಪರಿವೀಕ್ಷಣೆ

ಕಾರ್ಖಾನೆಗಳಿಂದಲೂ ಅನಿಲಬಾವಿಗಳಿಂದಲೂ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ವಾಯುಮಂಡಲಕ್ಕೆ ಬಿಡದೆ ಭೂಮಿಯ ಆಳದ ಸರಂಧ್ರ ಶಿಲಾಸ್ತರಗಳಲ್ಲಿ ಒತ್ತಿ ಇರಿಸಿದ ಮೇಲೆ, ಅದು ಅಲ್ಲಿಯೇ ನೆಲೆನಿಂತಿದೆಯೇ, ಮೇಲಣ ಸಿಹಿನೀರಿನ ಪದರಗಳನ್ನು ಸೋಂಕಿದೆಯೇ ಎಂಬುದನ್ನು ಕಾಲಕಾಲಕ್ಕೆ ಪರೀಕ್ಷಿಸುವ ಶಾಸ್ತ್ರವಿದು. ನಾರ್ವೆ ಸರಕಾರ 1991ರಲ್ಲಿ ವಿಧಿಸಿದ ಇಂಗಾಲ ತೆರಿಗೆಯ ಪ್ರೇರಣೆಯಿಂದ, ಉತ್ತರ ಸಮುದ್ರದ ಸ್ಲೈಪ್ನರ್ ಕ್ಷೇತ್ರದಲ್ಲಿ 1996ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಅನಿಲವನ್ನು ಉಟ್ಸಿರಾ ಎಂಬ ಮರಳುಗಲ್ಲಿನ ಸ್ತರಕ್ಕೆ ಇಳಿಸತೊಡಗಿದರು. 1994ರಲ್ಲಿಯೇ ತೆಗೆದಿಟ್ಟಿದ್ದ ಕಂಪನತರಂಗಗಳ ಚಿತ್ರವನ್ನು 1999ರ ಚಿತ್ರದೊಡನೆ ಹೋಲಿಸಿದಾಗ ಅನಿಲ ಹರಡಿದ ಬಗೆ ಕಣ್ಣಿಗೆ ಕಟ್ಟಿತು. ಆದರೆ ಸಮುದ್ರತಳದಲ್ಲಿ ಊರಿಲ್ಲ, ಊರಬಾವಿಯಿಲ್ಲ. ಕುಡಿಯುವ ನೀರಿನ ಚಿಂತೆ ಹುಟ್ಟಿದ್ದು ಈ ವಿದ್ಯೆ ನೆಲಕ್ಕೆ ಬಂದಾಗ.

ಟೆಕ್ಸಾಸಿನ ಫ್ರಿಯೋ ಸ್ತರದಲ್ಲಿ 2004ರಲ್ಲಿ, ಸುಮಾರು 1500 ಮೀಟರ್ ಆಳದ ಉಪ್ಪುನೀರಿಗೆ 1600 ಟನ್ ಅನಿಲವನ್ನು ಇಳಿಸಿ, ಸಮೀಪದ ವೀಕ್ಷಣಾಬಾವಿಯಿಂದ ನೀರನ್ನೆತ್ತಿ ನೋಡಿದಾಗ, ಅದರ ಪಿಎಚ್ ಮೌಲ್ಯ 6.5ರಿಂದ 5.7ಕ್ಕೆ ಇಳಿದುದೂ, ಲೀಟರಿಗೆ ಸುಮಾರು 30 ಮಿಲಿಗ್ರಾಂ ಇದ್ದ ಕಬ್ಬಿಣ 1100ಕ್ಕೆ ಏರಿದುದೂ ಕಂಡುಬಂದಿತು. ನೀರಿನಲ್ಲಿ ಕರಗಿದ ಅನಿಲ ಕಾರ್ಬಾನಿಕ್ ಆಮ್ಲವಾಗಿ ಕಲ್ಲಿನ ಸುಣ್ಣವನ್ನೂ ಕಬ್ಬಿಣದ ಆಕ್ಸೈಡುಗಳನ್ನೂ ಕರಗಿಸುತ್ತದೆ. ಆ ಆಕ್ಸೈಡುಗಳು ಹಿಡಿದಿಟ್ಟುಕೊಂಡಿದ್ದ ಸೀಸ, ಆರ್ಸೆನಿಕ್‌ಗಳೂ ಒಡನೆಯೇ ಬಿಡುಗಡೆ ಹೊಂದಬಲ್ಲವು. ಕುಡಿಯುವವನಿಗೆ ಭಯ ಅನಿಲದಿಂದಲ್ಲ, ಅದು ಎಬ್ಬಿಸುವ ಈ ಲೋಹಗಳಿಂದ. 2008ರಲ್ಲಿ ಮೊಂಟಾನಾದ ಬೋಜ್‌ಮನ್ ಬಳಿ ನೆಲದಡಿ ಎರಡು ಮೀಟರಿನಷ್ಟೇ ಆಳದಲ್ಲಿ ಬೇಕೆಂದೇ ಅನಿಲವನ್ನು ಸೋರಗೊಟ್ಟು ನೋಡಿದಾಗ ಲೋಹಗಳು ಹೆಚ್ಚಿದುವಾದರೂ ಕುಡಿಯುವ ನೀರಿನ ಮಿತಿಯನ್ನು ಮೀರಲಿಲ್ಲವೆಂಬುದು ಸಮಾಧಾನದ ಸಂಗತಿ. ಅಮೆರಿಕಾ 2010ರಲ್ಲಿ, ಕುಡಿಯುವ ನೀರಿನ ರಕ್ಷಣೆಯ ಕಾಯಿದೆಯಡಿ ಇಂಥ ಬಾವಿಗಳಿಗೆಂದೇ ಆರನೆಯ ವರ್ಗವನ್ನು ಕಲ್ಪಿಸಿ, ಅನಿಲ ಇಳಿಸುವುದನ್ನು ನಿಲ್ಲಿಸಿದ ಮೇಲೆಯೂ ಸಾಮಾನ್ಯವಾಗಿ 50 ವರ್ಷ ನಿಗಾ ಇರಬೇಕೆಂದು ವಿಧಿಸಿತು.

ಅತ್ಯಂತ ಕಠಿನವಾದ ಪ್ರಶ್ನೆ ಕೆನಡಾದ ವೇಬರ್ನ್ ತೈಲಕ್ಷೇತ್ರದಲ್ಲಿ ಎದುರಾಯಿತು. 2000ದಿಂದ ಅನಿಲ ಇಳಿಸುತ್ತಿದ್ದ ಈ ಕ್ಷೇತ್ರದ ಬಳಿಯ ರೈತ ದಂಪತಿಗಳು, ತಮ್ಮ ಹೊಲದ ಹೊಂಡಗಳಲ್ಲಿ ನೊರೆ ಏಳುತ್ತಿದೆಯೆಂದೂ ಪ್ರಾಣಿಗಳು ಸಾಯುತ್ತಿವೆಯೆಂದೂ 2011ರಲ್ಲಿ ದೂರಿದರು. ಅವರ ದೂರನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದುದು ನ್ಯಾಯವಾದ ಕ್ರಮ. ಆದರೆ ಅನಿಲ ಕಂಡ ಮಾತ್ರಕ್ಕೆ ಅದು ಸೋರಿಕೆಯೆನ್ನಲಾಗದು. ಏಕೆಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನಲ್ಲಿ ಇದೇ ಅನಿಲ ಸಹಜವಾಗಿಯೇ ಇದ್ದು, ಋತುವಿನೊಡನೆ ಏರಿಳಿಯುತ್ತದೆ. ವೇಬರ್ನಿಗೆ ಬರುತ್ತಿದ್ದುದು ಕಲ್ಲಿದ್ದಲಿನಿಂದ ಹುಟ್ಟಿದ ಅನಿಲವಾದುದರಿಂದ ಅದರಲ್ಲಿ ಕಾರ್ಬನ್-14 ಇರಲಿಲ್ಲ. ಹೊಲದ ಅನಿಲದಲ್ಲಿ ಅದು ಇತ್ತು. ಆಮ್ಲಜನಕ ತಗ್ಗಿದಂತೆಲ್ಲ ಈ ಅನಿಲ ಹೆಚ್ಚುತ್ತಿದ್ದುದೂ ಮಣ್ಣಿನ ಉಸಿರನ್ನೇ ಸೂಚಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಥರೀನ್ ರೊಮನಾಕ್ ಮತ್ತು ಸಂಗಡಿಗರು ರೂಪಿಸಿದ, ಅನಿಲಗಳ ಪರಸ್ಪರ ಅನುಪಾತವನ್ನು ನೋಡುವ ಈ ವಿಧಾನದಲ್ಲಿ, ವರ್ಷಗಟ್ಟಲೆಯ ಹಿಂದಿನ ಅಳತೆಗಳಿಲ್ಲದಿದ್ದರೂ ಅನಿಲದ ಮೂಲವನ್ನು ತಿಳಿಯಬಹುದು.