ಎಲೆಗೆ ಬಿದ್ದ ಶಾಸ್ತಿ

‘ಅವನಿಗೆ ಹಾಗೇ ಆಗಬೇಕಿತ್ತು ಬಿಡಿ’ ಎಂದು ನಾವು ಅನ್ನುವ ಕಡೆ ಇಂಗ್ಲಿಷಿನವರು ‘ಜಸ್ಟ್ ಡಿಜರ್ಟ್ಸ್’ ಅನ್ನುತ್ತಾರೆ. ಕಿವಿಗೆ ಬೀಳುವುದು ಊಟದ ಕೊನೆಗೆ ಬರುವ ಸಿಹಿತಿನಿಸಿನ ಹೆಸರೇ. ಹಾಗಾಗಿ ಬರೆಯುವಾಗ ಎಷ್ಟೋ ಜನ ನಡುವೆ ಎರಡು ‘ಎಸ್’ ಹಾಕಿಬಿಡುತ್ತಾರೆ. ಸರಿಯಾದ ಕಾಗುಣಿತದಲ್ಲಿರುವುದು ಒಂದೇ. ಆದರೆ ಒಂದೇ ಹಾಕಿದರೆ ಅದು ಮರಳುಗಾಡಿನಂತೆ ಕಾಣುತ್ತದೆ! ತಪ್ಪು ಮಾಡಿದವನಿಗೆ ಸಿಹಿ ಬಡಿಸುವವರಿಲ್ಲ, ಅವನನ್ನು ಮರಳುಗಾಡಿಗೆ ಅಟ್ಟುವವರೂ ಇಲ್ಲ. ಮತ್ತೆ ಇದು ಯಾವ ಪದ?

ಮೂರೂ ಲ್ಯಾಟಿನ್ ಮೂಲದವೇ. ಮರಳುಗಾಡಿನ ಪದ ಹುಟ್ಟಿದ್ದು ‘ತೊರೆ’ ಎಂಬರ್ಥದ ಕ್ರಿಯಾಪದದಿಂದ: ಜನ ತೊರೆದ ನೆಲ. ಅದು ಬೇರೆ ಮನೆತನ. ಉಳಿದೆರಡು ಮಾತ್ರ ದಾಯಾದಿಗಳು. ಎರಡರ ಹೊಟ್ಟೆಯಲ್ಲೂ ಇರುವುದು ‘ಸರ್ವ್’. ಸಿಹಿಯ ಪದ ಫ್ರೆಂಚರ ಊಟದ ಮೇಜಿನದು. ಬಡಿಸಿದ್ದನ್ನೆಲ್ಲ ಎತ್ತಿಟ್ಟ ಮೇಲೆ ಬರುವ ತಿನಿಸು ಅದು. ನುಡಿಗಟ್ಟಿನ ಪದ ‘ಡಿಸರ್ವ್’ನ ಒಡಹುಟ್ಟು. ಅದರ ಲ್ಯಾಟಿನ್ ಮೂಲಕ್ಕೆ ‘ಚೆನ್ನಾಗಿ ಸೇವೆ ಮಾಡು’ ಎಂಬ ಅರ್ಥವಿತ್ತು. ಸೇವೆ ಮಾಡಿದವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬ ಎಣಿಕೆ. ಆ ಸಲ್ಲಬೇಕಾದದ್ದು ಬಹುಮಾನವೂ ಆಗಬಹುದಿತ್ತು, ದಂಡನೆಯೂ ಆಗಬಹುದಿತ್ತು. ಆಡುಮಾತಿನಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ದಂಡನೆಯೇ. ಪದವೂ ಒಂಟಿಯಾಗಿ ತಿರುಗುವುದು ಅಪರೂಪ, ‘ಜಸ್ಟ್’ನ ಕೈ ಹಿಡಿದೇ ಹೊರಗೆ ಬರುತ್ತದೆ.

ಆ ‘ಜಸ್ಟ್’ಗೂ ತೂಕವಿದೆ. 1976ರಲ್ಲಿ ಶಿಕ್ಷೆಯ ಕುರಿತು ಆಂಡ್ರ್ಯೂ ವಾನ್ ಹರ್ಷ್ ಬರೆದ ‘ಡೂಯಿಂಗ್ ಜಸ್ಟಿಸ್’ ಪುಸ್ತಕ ಬಂದ ಮೇಲೆ, ಅಪರಾಧ ಎಷ್ಟು ದೊಡ್ಡದೋ ಶಿಕ್ಷೆಯೂ ಅಷ್ಟೇ ಇರಬೇಕೆಂಬ ವಾದಕ್ಕೆ ಇದೇ ನುಡಿಗಟ್ಟು ಹೆಸರಾಯಿತು. ನಮ್ಮ ‘ತಕ್ಕ ಶಾಸ್ತಿ’ಯಲ್ಲಿ ‘ತಕ್ಕ’ ಮಾಡುವ ಕೆಲಸವೂ ಅದೇ. ‘ಶಾಸ್ತಿ’ಯಾದರೋ ಶಾಸನ, ಶಾಸ್ತ್ರಗಳ ಬಂಧು, ಅದರ ಹಿಂದೆ ಆಳುವವನೊಬ್ಬ, ಕಲಿಸುವವನೊಬ್ಬ ನಿಂತಿರುತ್ತಾನೆ.

ಹಾಗಂತ ಎರಡು ‘ಎಸ್’ ಹಾಕಿದವರನ್ನು ನೋಡಿ ನಾವು ನಗುವ ಹಾಗಿಲ್ಲ. ಕರ್ಮಕ್ಕೆ ‘ಫಲ’ ಇದೆ ಎಂದವರು, ಅದನ್ನು ‘ಭೋಗಿಸಬೇಕು’ ಎಂದವರು ನಾವು. ಉಪ್ಪು ತಿಂದವನಿಗೆ ನೀರು ಕುಡಿಸುವವರೂ ನಾವೇ. ಎಂ. ಎಸ್. ಪುಟ್ಟಣ್ಣನವರು 1915ರ ತಮ್ಮ ಕಾದಂಬರಿಗೆ ಇಟ್ಟ ಹೆಸರೇ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ. ಇಂಗ್ಲಿಷಿನವರು ಕಾಗುಣಿತ ತಪ್ಪಿ ತಟ್ಟೆಗೆ ತಂದದ್ದನ್ನು ನಾವು ಗೊತ್ತಿದ್ದೇ ಎಲೆಗೆ ಹಾಕಿದ್ದೇವೆ.

ಒಂದು ವ್ಯತ್ಯಾಸವಿದೆ. ಇಂಗ್ಲಿಷಿನ ‘ಸರ್ವ್’ಗೆ ಬಡಿಸಲು, ಕೊಡಲು ಇನ್ನೊಬ್ಬರು ಬೇಕು. ನಮ್ಮ ಗಾದೆಯಲ್ಲಿ ಒಲೆ ಹಚ್ಚಿದವನೂ ಅವನೇ, ಎಲೆ ಮುಂದೆ ಕೂತವನೂ ಅವನೇ.